ಎಡಕ್ಕೆ ಇಳಿದ ಎಣ್ಣೆ

ಕಳೆದ ದೀಪಾವಳಿ. ಕಕ್ಕಿಂಜೆಯ ನಮ್ಮ ಮನೆಯ ಬಚ್ಚಲು. ಅಜ್ಜಿ ನನ್ನ ಬೆನ್ನಿಗೆ ಎಣ್ಣೆ ಹೊಯ್ದರು.

“ಎಂತ ಮಾರಾಯ್ತಿ, ಸರಿ ಕೂತ್ಕೊ. ಎಣ್ಣೆ ಎಲ್ಲ ಎಡಕ್ಕೇ ಹೋಗ್ತದೆ.”

“ಸರಿಯೇ ಕೂತಿದ್ದೇನೆ ಅಜ್ಜಿ.”

ಅವರ ಕೈ ನಿಂತಿತು.

ಹೀಗೇ ಆಯಿತೇ? ಅಮ್ಮ ಹೇಳುವ ಪ್ರಕಾರ ಬೆನ್ನಿನ ಬಾಗು ಮೊದಲು ಕಂಡದ್ದು ಯೂನಿಫಾರ್ಮಿನಲ್ಲಿ, ಒಂದು ಭುಜ ಎತ್ತರ. ಇರಬಹುದು. ನನಗೆ ಎಣ್ಣೆಯ ಕಥೆಯೇ ಬೇಕು. ಅದರಲ್ಲಿ ಅಜ್ಜಿಯ ಕೈ ಇದೆ.

ಮಂಗಳೂರಿನಲ್ಲಿ ಎಕ್ಸ್-ರೇ ನೋಡಿ ಅಪ್ಪ, “ಇದೆಂತ, ನಮ್ಮ ಘಾಟಿ ರಸ್ತೆಯಾ?” ಎಂದು ನಗಲು ನೋಡಿದರು. ಸ್ಕೋಲಿಯೋಸಿಸ್, ಬೆನ್ನುಮೂಳೆ ಪಕ್ಕಕ್ಕೆ ಬಾಗುವುದು, ಎಂದರು ಡಾಕ್ಟರ್. ಬಾಗು ಹೆಚ್ಚುತ್ತಿದೆ. ಸರ್ಜರಿ ಮಾಡಿ, ಸ್ಕ್ರೂ ಹಾಕಿ, ರಾಡ್ ಕೂರಿಸಬೇಕು.

ಅಜ್ಜಿ ನಡುವೆ ಬಾಯಿ ಹಾಕಿದರು. “ನಾನು ಮೀಯಿಸಿದ ಬಾಲೆ ಡಾಕ್ಟ್ರೇ. ಕಾಲ ಮೇಲೆ ಮಲಗಿಸಿ ಬೆನ್ನು ನೀವಿದ್ದು ನಾನೇ. ಅದರಿಂದ ಆದದ್ದಾ?”

“ಇಲ್ಲ ಅಜ್ಜಿ, ಅದರಿಂದ ಬರುವುದಿಲ್ಲ.”

“ಮತ್ತೆ ಯಾವುದರಿಂದ?”

“ಹೆಚ್ಚಿನ ಮಕ್ಕಳಲ್ಲಿ ಕಾರಣ ನಮಗೂ ಗೊತ್ತಿಲ್ಲ.”

ಅಜ್ಜಿ ಆ ಕೊನೆಯ ಮಾತನ್ನು ಮಾತ್ರ ಮನೆಗೆ ತಂದರು.

ಸುತ್ತಲಿನ ಮನೆಗಳ ಶಿಶುಗಳನ್ನೆಲ್ಲ ಮೀಯಿಸುತ್ತಿದ್ದುದು ಅವರೇ. ಕಾಲು ಚಾಚಿ ಕೂತು, ಮಗುವನ್ನು ಮಗುಚಿ ಮಲಗಿಸಿ, ಹೆಬ್ಬೆರಳಿನಿಂದ ಬೆನ್ನ ನಡುವೆ ಮೇಲಿಂದ ಕೆಳಕ್ಕೆ ಒಂದು ಗೆರೆ ಎಳೆಯುತ್ತಿದ್ದರು. ಮಂಗಳೂರಿನಿಂದ ಬಂದ ಮೇಲೆ ಕರೆದವರಿಗೆಲ್ಲ, “ಕೈ ನಡುಗ್ತದೆ” ಎಂದರು. ನಡುಗುತ್ತಿರಲಿಲ್ಲ.

ನನ್ನ ಬೆನ್ನನ್ನೂ ಮುಟ್ಟಲಿಲ್ಲ.

ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದ ಮೇಲೆ ಸರ್ಜರಿ. ಐಸಿಯುವಿನಲ್ಲಿ ಕಾಲ್ಬೆರಳು ಅಲ್ಲಾಡಿಸಲು ಹೇಳಿದರು. ಅಲ್ಲಾಡಿತು. ಅಮ್ಮ ಅತ್ತರು. ನರ್ಸ್‌ಗಳು ನನ್ನನ್ನು ಮರದ ದಿಮ್ಮಿಯಂತೆ ಹೊರಳಿಸುತ್ತಿದ್ದರು; ನೋವಿಗಿಂತ ಹೆಚ್ಚು ನೆನಪಿರುವುದು ಅವರ ಗ್ಲೌಸ್. ಮುಟ್ಟುವ ಕೈಗಳೆಲ್ಲ ರಬ್ಬರು. ಶಿಶುವಾಗಿ ಅಜ್ಜಿಯ ಕಾಲ ಮೇಲೆ ಮಲಗಿದ್ದು, ಬಿಸಿನೀರು, ಬೆನ್ನಿಗಿಳಿಯುವ ಹೆಬ್ಬೆರಳು ಎಲ್ಲ ಅಲ್ಲಿ ನೆನಪಾಗುತ್ತಿತ್ತು. ಸುಳ್ಳು ನೆನಪು. ಅಜ್ಜಿ ಅತ್ತೆಯ ಮಗುವನ್ನು ಮೀಯಿಸುವುದು ನೋಡಿ ಕದ್ದದ್ದು. ಹಂಬಲ ಮಾತ್ರ ನನ್ನದೇ.

ಈಗ ಮೂಡುಬಿದಿರೆಯಲ್ಲಿ ಪಿಯುಸಿ. ತುಸು ಎತ್ತರವಾಗಿದ್ದೇನೆ. ಶೂ ಕಟ್ಟಲು ಬಗ್ಗಿದರೆ ಬೆನ್ನು ಹಲಗೆ.

ಈ ದೀಪಾವಳಿಗೆ ಮನೆಗೆ ಬಂದೆ. ಎಣ್ಣೆ ಹಚ್ಚಬಹುದು, ಒತ್ತಬಾರದು ಎಂದಿದ್ದರು ಡಾಕ್ಟರ್. ಅಮ್ಮ ಎಣ್ಣೆ ತಂದಾಗ ನಾನು ಒಪ್ಪಲಿಲ್ಲ. “ಅಜ್ಜಿ ಬರಲಿ.”

“ನನ್ನಿಂದ ಆಗುದಿಲ್ಲ ಮಗಾ,” ಬಾಗಿಲಾಚೆಯಿಂದ ಅಜ್ಜಿ.

“ಹಾಗಾದ್ರೆ ಇಲ್ಲೇ ಕೂತಿರ್ತೇನೆ. ಒಳಗೆ ಕಬ್ಬಿಣ ಉಂಟು ಅಜ್ಜಿ, ನೀವು ಎಳೆದರೂ ಬಗ್ಗುದಿಲ್ಲ.”

ಅಮ್ಮ ನಕ್ಕರು. ಅಜ್ಜಿ ನಗಲಿಲ್ಲ.

ಬಂದರು.

ಎಣ್ಣೆ ಬಿತ್ತು. ಗಾಯದ ಗೆರೆಯ ಮೇಲೆ ಒಂದು ಹೆಬ್ಬೆರಳು, ಒತ್ತದೆ, ಇಳಿಯತೊಡಗಿತು. ಕೆಲವು ಕಡೆ ಚರ್ಮಕ್ಕೆ ಇನ್ನೂ ಸ್ಪರ್ಶ ತಿಳಿಯುವುದಿಲ್ಲ. ಅಲ್ಲಿ ಬೆರಳು ಕಳೆದುಹೋಗಿ, ಕೆಳಗೆ ಮತ್ತೆ ಸಿಕ್ಕಿತು.

ಎಣ್ಣೆ ನೇರ ಇಳಿಯಿತು ಎಂದು ಬರೆಯುವ ಆಸೆ. ನನಗೆ ಕಾಣಲಿಲ್ಲ. ಅಜ್ಜಿ ಹೇಳಲೂ ಇಲ್ಲ.

“ಸಾಕಾ?” ಎಂದರು.

“ಇನ್ನೊಮ್ಮೆ,” ಎಂದೆ.