ಬದಲಿ ಬರುವ ತನಕ

ಅವರ ಎಡಗೈಯ ಮೇಲೆ ಬೆರಳಿಟ್ಟರೆ ಒಳಗೆ ಇಂಜಿನ್ ಓಡುವುದು ತಿಳಿಯುತ್ತಿತ್ತು. ಡಯಾಲಿಸಿಸ್‌ಗೆಂದು ಡಾಕ್ಟರು ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿದ್ದ ಜಾಗ ಅದು. ಮೊಣಕೈಯಿಂದ ಕೆಳಕ್ಕೆ ಹಗ್ಗದ ಹಾಗೆ ಉಬ್ಬಿಕೊಂಡಿದ್ದ ಆ ನರ ಹಗಲೂ ರಾತ್ರಿ ಗುಂಯ್‌ಗುಡುತ್ತಿತ್ತು. ಹೊಸಬರು ಯಾರೇ ಬರಲಿ, ಕೈ ಮುಂದಕ್ಕೆ ಚಾಚಿ, "ಮುಟ್ಟಿ ನೋಡಿ ಮಾರಾಯ್ರೆ, ಇಂಜಿನ್ ರೂಮ್" ಎನ್ನುತ್ತಿದ್ದರು. ಮುಟ್ಟಿದವರು ಬೆಚ್ಚಿ ಕೈ ಎಳೆದುಕೊಂಡರೆ ಅವರಿಗೆ ಅವತ್ತೆಲ್ಲ ಖುಷಿ.

ನಮ್ಮ ಮನೆಯಲ್ಲಿ ಅವರನ್ನು ಹಡಗಿನ ಅಂಕಲ್ ಎಂದೇ ಕರೆಯುತ್ತಿದ್ದೆವು. ಉಡುಪಿ ಕಡೆಯವರು. ಸರಕು ಹಡಗುಗಳಲ್ಲಿ ಇಂಜಿನಿಯರ್ ಆಗಿ ಭೂಮಿ ಸುತ್ತಿ, ಕೊನೆಗೆ ಸಿಂಗಾಪುರದ ಕಂಪನಿಯೊಂದರಲ್ಲಿ ನೆಲೆ ನಿಂತವರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಕಿಡ್ನಿ ಕೈಕೊಟ್ಟ ಮೇಲೆ ಇಲ್ಲಿನ ಯಿಶುನ್ ಬಡಾವಣೆಯಲ್ಲಿ ಒಂದು ಚಿಕ್ಕ ಫ್ಲ್ಯಾಟ್ ಹುಡುಕಿಕೊಂಡು ನನ್ನ ಹತ್ತಿರ ಬಂದರು.

ನಾನು ಬಾಡಿಗೆ ಮನೆ ಕೊಡಿಸುವ ಏಜೆಂಟ್. ಏರ್‌ಕಂಡಿಷನ್ ರಿಪೇರಿಗೆ ಎಂದು ಈ ಊರಿಗೆ ಬಂದವನು, ಇವತ್ತು ಬೆಂಗಳೂರು ಮೈಸೂರಿನ ಹುಡುಗರು ವಿಮಾನ ಹತ್ತುವ ಮೊದಲೇ ನನಗೆ ಮೆಸೇಜ್ ಹಾಕುತ್ತಾರೆ. ಅವರಿಗೆಲ್ಲ ನಾನು ಹೇಳುವ ಮೊದಲ ಮಾತು: ಮನೆ ಎಷ್ಟೇ ಇಷ್ಟವಾಗಲಿ, ಮುಖದಲ್ಲಿ ತೋರಿಸಬೇಡಿ. ಗೋಡೆ ತಟ್ಟಿ, ನಲ್ಲಿ ತಿರುಗಿಸಿ, ನಿಟ್ಟುಸಿರು ಬಿಡಿ. ಅಂಕಲ್ ಅವರಿಗೂ ಇದನ್ನೇ ಹೇಳಿಕೊಟ್ಟು ಕರೆದುಕೊಂಡು ಹೋದೆ. ಅವರು ಒಳಗೆ ಕಾಲಿಟ್ಟವರೇ ಕಿಟಕಿಯಿಂದ ಕೆಳಗೆ ನೋಡಿದರು. ಎದುರಿನ ಬ್ಲಾಕಿನ ವಾಯ್ಡ್ ಡೆಕ್‌ನಲ್ಲಿ, ಅಂದರೆ ಕಟ್ಟಡದ ಬುಡದ ತೆರೆದ ಜಾಗದಲ್ಲಿ, ಡಯಾಲಿಸಿಸ್ ಸೆಂಟರಿನ ಬೋರ್ಡ್ ಕಾಣುತ್ತಿತ್ತು. ತಕ್ಷಣ ಮನೆಯ ಒಡತಿಯ ಕಡೆ ತಿರುಗಿ, "ವೆರಿ ನೈಸ್. ಐ ಟೇಕ್" ಎಂದುಬಿಟ್ಟರು.

ಲಿಫ್ಟಿನಲ್ಲಿ ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಅವರೇ ಸಮಾಧಾನ ಹೇಳಿದರು. "ಏಜೆಂಟ್ರೇ, ಬೇಡ ಅಂತ ಎದ್ದು ಹೋಗ್ಲಿಕ್ಕೆ ಆಗುವವ ಚೌಕಾಸಿ ಮಾಡ್ಬೇಕು. ನಾನು ವಾರಕ್ಕೆ ಮೂರು ಸಲ ಆ ಕುರ್ಚಿಗೆ ಕಟ್ಟಿಸಿಕೊಳ್ಳುವವ. ನಾನು ಎದ್ದು ಎಲ್ಲಿಗೆ ಹೋಗ್ಲಿ?"

ನನ್ನ ಕಸುಬಿನ ಸಾರವನ್ನು ಅಷ್ಟು ಚುಟುಕಾಗಿ ನನಗೆ ಯಾರೂ ಹೇಳಿರಲಿಲ್ಲ.

ಮಗಳು ಆಗ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ ಓದುತ್ತಿದ್ದಳು. ಅಕೌಂಟಿಂಗ್ ಓದು ಎಂದು ನಾನು ನಡೆಸಿದ ಮಾತುಕತೆ ಮುರಿದುಬಿದ್ದು ಆಗಲೇ ಹಳೆಯ ಕಥೆಯಾಗಿತ್ತು. ಕ್ಲಾಸಿನ ಕೆಲಸಕ್ಕೆಂದು ಅಪರೂಪದ ಭಾಷೆ ಮಾತಾಡುವ ಒಬ್ಬರನ್ನು ಹುಡುಕಿ ರೆಕಾರ್ಡ್ ಮಾಡಬೇಕಿತ್ತು. "ಡಯಾಲಿಸಿಸ್ ಸೆಂಟರಿನ ಕುರ್ಚಿಯಲ್ಲಿ ಒಬ್ಬರು ಸಿಗ್ತಾರೆ, ಓಡಿಹೋಗೋ ಹಾಗೂ ಇಲ್ಲ, ಹೋಗಿ ಕೇಳು" ಎಂದೆ. ಒಂದು ಮಧ್ಯಾಹ್ನಕ್ಕೆಂದು ಹೋದವಳು ಎರಡು ವರ್ಷ ಹೋದಳು.

ಅಂಕಲ್ ಅವರಿಗೆ ಬರುತ್ತಿದ್ದದ್ದು ಲಾಟ್ವಿಯನ್. ಬಾಲ್ಟಿಕ್ ಸಮುದ್ರದ ದಡದ ಪುಟ್ಟ ದೇಶದ ಭಾಷೆ. ಅದನ್ನು ಅವರು ಆಸೆಪಟ್ಟು ಕಲಿತದ್ದಲ್ಲ. ಅಲ್ಲಿನ ಬಂದರಿಗೆ ಅವರ ಹಡಗು ಹೋದಾಗ ಮಾಲೀಕ ದಿವಾಳಿಯಾಗಿ ಮಾಯವಾದ. ಕೋರ್ಟು ಹಡಗನ್ನು ತಡೆಹಿಡಿಯಿತು. ಒಬ್ಬೊಬ್ಬರನ್ನೇ ಊರಿಗೆ ಕಳಿಸಿದರು, ಆದರೆ ಹಡಗನ್ನು ಖಾಲಿ ಬಿಡುವ ಹಾಗಿಲ್ಲ, ಬದಲಿ ಬರುವ ತನಕ ಒಬ್ಬರಾದರೂ ಇರಬೇಕೆಂಬುದು ನಿಯಮ. ಆ ಒಬ್ಬರು ಇವರು. ದಡ ಕೈಗೆಟಕುವಷ್ಟು ಹತ್ತಿರ, ಆದರೂ ಇಳಿಯುವ ಹಾಗಿಲ್ಲ. ಇಡೀ ಚಳಿಗಾಲ ಹಾಗೇ ಕಳೆಯಿತು. ಬಂದರಿನ ಮುದುಕ ಕಾವಲುಗಾರನೊಬ್ಬ ದಿನಾ ಕಪ್ಪು ಬ್ರೆಡ್ಡು ತಂದು ಅಡುಗೆಕೋಣೆಯಲ್ಲಿ ಎದುರು ಕೂತು ಮಾತಾಡಿಸುತ್ತಿದ್ದ. ಕಣ್ಣಿಗೆ ಬಿದ್ದದ್ದಕ್ಕೆಲ್ಲ ಹೆಸರು ಹೇಳುತ್ತ ಹೋದ. ಇವರು ಕಲಿಯುತ್ತ ಹೋದರು.

"ಹಡಗು ನಿಲ್ಲುವುದು ದೊಡ್ಡದಲ್ಲ ಕ್ಯಾಡೆಟ್, ಇಂಜಿನ್ ತಣ್ಣಗಾಗಬಾರದು" ಎಂದು ಮಗಳಿಗೆ ಹೇಳುತ್ತಿದ್ದರು. ಅವಳನ್ನು ಅವರು ಕರೆಯುತ್ತಿದ್ದದ್ದೇ ಕ್ಯಾಡೆಟ್, ಅಂದರೆ ಹಡಗಿನಲ್ಲಿ ಕೆಲಸ ಕಲಿಯುವವಳು ಎಂದು.

ಪಾಠ ನಡೆಯುತ್ತಿದ್ದ ರೀತಿಯೂ ಅದೇ ಹಡಗಿನದು. ಅಂಕಲ್ ಕೈಗೆ ಸೂಜಿ ಚುಚ್ಚಿ, ಪೈಪು ಜೋಡಿಸಿ, ಯಂತ್ರ ತಿರುಗಲು ಶುರುವಾದ ಮೇಲೆ ಅವಳು ಪಕ್ಕದ ಸ್ಟೂಲಿನಲ್ಲಿ ಕೂರಬೇಕು. ಅವರ ಸೂಜಿ ತೆಗೆಯುವ ತನಕ ಅವಳೂ ಏಳುವ ಹಾಗಿಲ್ಲ. ಪಂಪು, ಕವಾಟ, ಒತ್ತಡ, ಸೋರಿಕೆ, ಹೀಗೆ ಡಯಾಲಿಸಿಸ್ ಯಂತ್ರವನ್ನೇ ತೋರಿಸಿ ಪಾಠ. ಮೊದಲ ದಿನವೇ ಒಂದು ನಿಯಮ ಹಾಕಿದ್ದರು: ವಾಚ್, ಅಂದರೆ ಕಾವಲಿನ ಪಾಳಿ, ಬದಲಿ ಬರದೆ ಬಿಡಬಾರದು. ಬಂದವನು "ಏನು ಸ್ಥಿತಿ" ಎಂದು ಕೇಳಬೇಕು, ಇದ್ದವನು ಎಲ್ಲವನ್ನೂ ಹೇಳಬೇಕು, ಕೊನೆಗೆ ಬಂದವನು "ವಾಚ್ ನನ್ನದು" ಎಂದ ಮೇಲೆ ಮಾತ್ರ ಇದ್ದವನು ಹೊರಡಬಹುದು. ಟಾಯ್ಲೆಟ್ಟಿಗೆ ಹೋಗಬೇಕಾದರೂ ಮಗಳು ನರ್ಸನ್ನು ಕರೆದು ವಾಚ್ ಒಪ್ಪಿಸಿ ಹೋಗುತ್ತಿದ್ದಳು. "ಯುವರ್ ಅಂಕಲ್ ಅಂಡ್ ಯೂ, ಬೋತ್ ಸೇಮ್ ಸೇಮ್ ಲಾ" ಎಂದು ಆ ನರ್ಸ್ ಇಲ್ಲಿಯವರ 'ಲಾ' ಸೇರಿಸಿ ನಗುತ್ತಿದ್ದಳು.

ಒಂದು ಸ್ಕಾಲರ್‌ಶಿಪ್ ವಿಷಯ ತಂದದ್ದು ಮಗಳೇ. ಸ್ಕ್ಯಾಂಡಿನೇವಿಯಾ ಮತ್ತು ಬಾಲ್ಟಿಕ್ ದೇಶಗಳ ಭಾಷೆ, ಸಂಸ್ಕೃತಿ ಕಲಿಯುವ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆಂದೇ ಇರುವಂಥದ್ದು. ಆಯ್ಕೆಯಾದರೆ ಆ ದೇಶದಲ್ಲೇ ಒಂದು ವರ್ಷ ಇದ್ದು ಓದಬೇಕು.

"ಬೆಂಗಳೂರಿನ ಒಂದು ಮೂಲೆಯಷ್ಟು ಜನವೂ ಮಾತಾಡದ ಭಾಷೆ. ಇದನ್ನ ಕಲಿತು ಯಾರಿಗೆ ಮಾರ್ತೀಯ?" ಎಂದೆ.

"ಅಪ್ಪಾ, ಎವ್ರಿಥಿಂಗ್ ಸೇಲ್ ಮಾಡಕ್ಕಲ್ಲ ಲಾ."

ಅಂಕಲ್ ಕುರ್ಚಿಯಿಂದಲೇ ನಡುವೆ ಬಾಯಿ ಹಾಕಿದರು. "ಏಜೆಂಟ್ರೇ, ನೀವೇ ಹೇಳಿ. ಎಲ್ಲರೂ ಮುಗಿಬೀಳುವ ಕಾಂಡೋದಲ್ಲಿ ಮನೆ ಹಿಡಿಯುವುದು ಸುಲಭವೋ, ಯಾರೂ ತಿರುಗಿ ನೋಡದ ಬ್ಲಾಕಿನಲ್ಲೋ?"

ಅದು ನನ್ನ ಭಾಷೆ. ಒಪ್ಪಿಕೊಳ್ಳಲೇಬೇಕಾಯಿತು. ಓದುವ ಮಕ್ಕಳಿರುವವರಿಗೆ ಇದನ್ನೇ ನಾನು ಈಗ ಹೇಳುತ್ತೇನೆ: ಸಣ್ಣ ಬಾಗಿಲು ಹುಡುಕಿ, ಅಲ್ಲಿ ನೂಕುನುಗ್ಗಲು ಕಡಿಮೆ. ಆದರೆ ನಿಯಮಗಳನ್ನು ಬಾಡಿಗೆ ಕರಾರಿನಂತೆ ಓದಿ. ಏನು ಕೊಡುತ್ತಾರೆ ಎನ್ನುವುದಕ್ಕಿಂತ ಏನು ಕೊಡುವುದಿಲ್ಲ, ಯಾವಾಗ ನಿಲ್ಲಿಸುತ್ತಾರೆ ಎನ್ನುವುದನ್ನು ನೋಡಿ. ನಾನು ನೋಡಿದೆ. ಇರಲು, ಉಣ್ಣಲು ಕೊಡುತ್ತಾರೆ, ವಿಮಾನದ ಟಿಕೆಟ್ ನಮ್ಮದು. ಓದು ನಡೆಯುತ್ತಿರುವಾಗ ಬಿಟ್ಟು ಬಂದರೆ ಅಲ್ಲಿಗೆ ಮುಗಿಯಿತು, ಮತ್ತೆ ಸೇರಿಸಿಕೊಳ್ಳುವುದಿಲ್ಲ. ಟಿಕೆಟ್‌ಗೂ ಕೇಳಿ ನೋಡೆಂದು ಮಗಳಿಂದ ಮೇಲ್ ಹಾಕಿಸಿದೆ. ಬಹಳ ಮರ್ಯಾದೆಯಿಂದ ಇಲ್ಲ ಎಂದರು. ಕೇಳುವುದಕ್ಕೇನೂ ಖರ್ಚಿಲ್ಲವಲ್ಲ.

ಸಂದರ್ಶನ ವೀಡಿಯೊದಲ್ಲಿ. ಅದು ಅಂಕಲ್ ಕುರ್ಚಿಯಲ್ಲಿರುವ ದಿನವೇ ಬಿತ್ತು. ಮಗಳು ದಿನ ಬದಲಿಸಿ ಎಂದು ಕೇಳಲೊಪ್ಪದೆ, ಅವರ ಪಕ್ಕದ ಸ್ಟೂಲಿನಲ್ಲೇ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಳು. ಆಚೆ ಮೂವರು, ಈಚೆ ಅವಳ ಬೆನ್ನ ಹಿಂದೆ ನಾನು. ಆ ದೇಶದ ಹಾಡು, ಹಬ್ಬಗಳ ಬಗ್ಗೆ ಏನು ಗೊತ್ತು ಎಂದು ಕೇಳಿದರು. ಇವಳು ತಡವರಿಸಿದಳು. ಕೊನೆಗೆ ಲಾಟ್ವಿಯನ್‌ನಲ್ಲಿ, "ಹಾಡು ಗೊತ್ತಿಲ್ಲ. ಪೈಪು ಸೋರುತ್ತಿದೆ, ಬೇಗ ಬನ್ನಿ ಅನ್ನೋದು ಗೊತ್ತು" ಎಂದಳಂತೆ. ಆಚೆಯವರು ಮುಖಮುಖ ನೋಡಿಕೊಂಡು, ಇಂಥ ಭಾಷೆ ಎಲ್ಲಿ ಕಲಿತೆ ಎಂದರು. ಇವಳು ಲ್ಯಾಪ್‌ಟಾಪನ್ನು ಅಂಕಲ್ ಕಡೆ ತಿರುಗಿಸಿದಳು. ಅವರು ಸೂಜಿ ಚುಚ್ಚಿದ ಕೈ ಅಲುಗಾಡಿಸದೆ, ಇನ್ನೊಂದು ಕೈಯೆತ್ತಿ ನಮಸ್ಕಾರ ಹೇಳಿ ಮಾತು ಶುರುಮಾಡಿದರು. ನನಗೆ ಒಂದಕ್ಷರ ತಿಳಿಯಲಿಲ್ಲ. ತೆರೆಯ ಮೇಲಿನ ಹಿರಿಯ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದುದು ಮಾತ್ರ ಕಂಡಿತು.

"ಏನಂದ್ರಿ ಅಂಕಲ್?" ಎಂದೆ ಆಮೇಲೆ.

"ಆ ಕಾವಲುಗಾರ ಕಲಿಸಿದ ಒಂದು ಬೈಗುಳ ಬಂದುಹೋಯಿತು ಮಾರಾಯ್ರೆ. ಅದಿಲ್ಲದೆ ಆ ಭಾಷೆಯಲ್ಲಿ ವಾಕ್ಯ ಮುಗಿಸ್ಲಿಕ್ಕೆ ನನಗೆ ಬರುವುದಿಲ್ಲ."

ಸ್ಕಾಲರ್‌ಶಿಪ್ ಸಿಕ್ಕಿತು. ಶುಕ್ರವಾರದೊಳಗೆ ಒಪ್ಪಿಗೆ ತಿಳಿಸಬೇಕಿತ್ತು. ಸೋಮವಾರ ಹೋಯಿತು, ಮಂಗಳವಾರ ಹೋಯಿತು, ಮಗಳು ಒಪ್ಪಿಗೆಯ ಮೇಲ್ ಹಾಕಲಿಲ್ಲ. ಆ ಹೊತ್ತಿಗೆ ಅಂಕಲ್ ಮೈ ಇಳಿದುಹೋಗಿತ್ತು. ಡಯಾಲಿಸಿಸ್ ನಡುವೆ ರಕ್ತದೊತ್ತಡ ಕುಸಿದು ಮಾತು ತೊದಲುತ್ತಿತ್ತು. ಬುಧವಾರ ನಾನು ಸೆಂಟರಿಗೆ ಹೋದಾಗ ಇಬ್ಬರ ಜಗಳ ಬಾಗಿಲಿಗೇ ಕೇಳಿಸುತ್ತಿತ್ತು.

"ನನ್ನನ್ನು ಹಡಗು ಮಾಡ್ಬೇಡ ಕ್ಯಾಡೆಟ್! ಹೋಗು!"

"ಬದಲಿ ಎಲ್ಲಿ? ನೀವೇ ಹೇಳಿರೋದು. ರಿಲೀಫ್ ಬರದೆ ವಾಚ್ ಬಿಡೋ ಹಾಗಿಲ್ಲ."

"ನರ್ಸ್ ಇದ್ದಾರೆ."

"ಅವರಿಗೆ ಇಷ್ಟೊಂದು ಪೇಷಂಟ್ಸ್. ಅವರು ನಿಮ್ಮ ಕ್ರೂ ಅಲ್ಲ."

"ನಿನಗೆ ಪಾಠ ಇವತ್ತಿಗೆ ಬಂದ್. ನಾಳೆಯಿಂದ ಬರ್ಬೇಡ."

"ಬರ್ತೀನಿ. ಓಡಿಹೋಗಿ, ನೋಡೋಣ."

ಅವರು ಸೂಜಿ ಚುಚ್ಚಿದ ಕೈ ನೋಡಿಕೊಂಡರು. ತಾವೇ ಕಲಿಸಿದ ನಿಯಮ ಅವರನ್ನು ಗೋಡೆಗೊತ್ತಿ ನಿಲ್ಲಿಸಿತ್ತು. ಅದನ್ನು ಸುಳ್ಳೆನ್ನುವ ಹಾಗಿಲ್ಲ, ನಿಜವೆಂದರೆ ಅವಳು ಹೋಗುವುದಿಲ್ಲ. ಅವಳೂ ಅಷ್ಟೇ ಸಿಕ್ಕಿಬಿದ್ದಿದ್ದಳು. ನಾನು? ಸುಮ್ಮನೆ ಶುಕ್ರವಾರದವರೆಗೆ ಕಾದಿದ್ದರೆ ಮಗಳು ಮನೆಯಲ್ಲೇ ಉಳಿಯುತ್ತಿದ್ದಳು. ನನ್ನ ಕೈಗೆ ಕೊಳೆ ಅಂಟುತ್ತಿರಲಿಲ್ಲ. ಆದರೆ ಎರಡೂ ಕಡೆಯವರು ಪಟ್ಟು ಬಿಡದೆ ಕೂತಾಗ ನಡುವೆ ಮೂರನೆಯವನು ಬೇಕು. ಇಷ್ಟು ವರ್ಷ ಅನ್ನ ತಿಂದಿರುವುದೇ ಆ ಕೆಲಸದಿಂದ. ಆ ಮೂರನೆಯವನು ಅಲ್ಲಿ ನಾನೊಬ್ಬನೇ ಇದ್ದೆ.

"ಬದಲಿ ನಾನು" ಎಂದೆ.

ಇಬ್ಬರೂ ನನ್ನನ್ನು ನೋಡಿದರು. ಅಂಕಲ್ ಮೊದಲು ನಕ್ಕರು. "ನೀವು? ಫೋನ್ ಇಲ್ಲದೆ ಒಂದು ಲಿಫ್ಟ್ ಕೆಳಗೆ ಬರುವಷ್ಟು ಹೊತ್ತು ನಿಲ್ಲುವವರಲ್ಲ ನೀವು."

"ಸೈಲೆಂಟ್‌ನಲ್ಲಿ ಇಡ್ತೀನಿ."

"ಆಫ್."

"ಸೈಲೆಂಟ್, ಜೇಬಲ್ಲಿ."

"ಆಫ್, ನರ್ಸ್ ಹತ್ತಿರ."

"ಆಫ್, ಜೇಬಲ್ಲಿ. ಇದಕ್ಕಿಂತ ಕೆಳಗೆ ಇಳಿಯಲ್ಲ."

"ಆಯ್ತು" ಎಂದರು. ಜೀವನದಲ್ಲಿ ಅವರು ಮಾಡಿದ ಒಂದೇ ಚೌಕಾಸಿ ಅದಿರಬೇಕು. ಪರವಾಗಿಲ್ಲ, ಚೆನ್ನಾಗಿಯೇ ಮಾಡಿದರು.

ಹೊರಡುವ ಮುಂಚಿನ ದಿನ ಮಗಳು ಕ್ರಮದ ಪ್ರಕಾರ ವಾಚ್ ಒಪ್ಪಿಸಿದಳು. ಏನು ಸ್ಥಿತಿ ಎಂದು ನಾನು ಕೇಳಿದೆ. ನೀರು ಕೇಳುತ್ತಾರೆ, ಐಸ್ ತುಂಡು ಮಾತ್ರ ಕೊಡಬೇಕು. ಎಳನೀರು, ಬಾಳೆಹಣ್ಣು ಎಂದು ಗೋಗರೆಯುತ್ತಾರೆ, ಅವರ ಮೈಗೆ ಆಗುವುದಿಲ್ಲ, ನಮ್ಮ ಮನಸ್ಸು ಕರಗಬಾರದು. ಮಾತು ನಿಧಾನವಾದರೆ ನರ್ಸನ್ನು ಕರೆಯಬೇಕು. ದಿನಾ ಎಡಗೈ ಮುಟ್ಟಿ ನೋಡಬೇಕು, ಗುಂಯ್ ಅನ್ನದಿದ್ದರೆ ಆಸ್ಪತ್ರೆಗೆ ಓಡಬೇಕು. ಎಲ್ಲ ಕೇಳಿ, "ವಾಚ್ ನನ್ನದು" ಎಂದೆ. ಅವಳು ಅಂಕಲ್ ಕಾಲು ಮುಟ್ಟಿ ನಮಸ್ಕರಿಸಿ, ಹಿಂದೆ ತಿರುಗಿ ನೋಡದೆ ಹೋದಳು. ಹಾಗೆ ಹೋಗಬೇಕೆಂದು ಕಲಿಸಿದ್ದವರೂ ಅವರೇ.

ಆಮೇಲೆ ಕೂತವನು ನಾನು. ಕೂರುವುದು ಅಂದರೇನೆಂದು ನನಗೆ ಆಗ ಗೊತ್ತಾಯಿತು. ಗಾಜಿನ ಆಚೆ ಜನ ಎಂಆರ್‌ಟಿ ರೈಲಿಗೆ ಓಡುತ್ತಿರುತ್ತಾರೆ. ಒನ್-ನಾರ್ತ್ ಕಡೆಯ ಆಫೀಸಿನಿಂದ ಯಾವನೋ ಹುಡುಗ ಮನೆ ಬೇಕೆಂದು ಫೋನ್ ಮಾಡುತ್ತಿರುತ್ತಾನೆ, ನನ್ನ ಫೋನ್ ಸತ್ತು ಜೇಬಿನಲ್ಲಿರುತ್ತದೆ. ಒಳಗೆ ಸಾಲು ಕುರ್ಚಿಗಳು, ಪ್ರತಿ ಕುರ್ಚಿಯಲ್ಲೂ ಕಟ್ಟಿಹಾಕಿದ ಒಂದು ಜೀವ, ಪಂಪು ತಿರುಗುವ ಸದ್ದು. ಮೊದಮೊದಲು ನಾನು ನಿಮಿಷಕ್ಕೊಮ್ಮೆ ಜೇಬು ತಡಕುತ್ತಿದ್ದೆ. ಅಂಕಲ್ ಅದನ್ನು ನೋಡಿ ನನಗೂ ಪಾಠ ಶುರುಮಾಡಿದರು. ದಿನಕ್ಕೆ ಅಲ್ಲಿ ದಿಯೆನ ಅನ್ನುತ್ತಾರಂತೆ. "ನೋಡಿ, ನಿಮಗೆ ಅರ್ಧ ಬರ್ತದೆ ಆಗ್ಲೇ" ಎಂದು ಹುರಿದುಂಬಿಸಿದರು. ಅಷ್ಟಾದ ಮೇಲೆ ನಾನು ಮುಂದಕ್ಕೆ ಹೋಗಲಿಲ್ಲ.

ಒಂದು ದಿನ ಮಗಳು ಆ ಬಂದರಿಗೆ ಹೋಗಿ ಅಲ್ಲಿಂದ ವೀಡಿಯೊ ಕಾಲ್ ಮಾಡಿದಳು. ಆ ಒಂದು ಕರೆಗೆ ಮಾತ್ರ ಫೋನ್ ಆನ್ ಮಾಡಲು ಅಪ್ಪಣೆ ಸಿಕ್ಕಿತ್ತು. ಹೆಪ್ಪುಗಟ್ಟಿದ ನೀರು, ಬೂದು ಆಕಾಶ, ಹಡಗು ಕಟ್ಟುವ ಖಾಲಿ ದಕ್ಕೆ. ಅಂಕಲ್ ಬಹಳ ಹೊತ್ತು ನೋಡಿದರು. ಕಾಲ್ ಮುಗಿದ ಮೇಲೆ ನಾನು ಕೇಳಿದೆ. ಅಲ್ಲಿಂದ ಕೊನೆಗೆ ಹೇಗೆ ಬಿಡಿಸಿಕೊಂಡಿರಿ ಎನ್ನುವುದನ್ನು ಅವರು ಎಂದೂ ಹೇಳಿರಲಿಲ್ಲ.

"ಆ ಮುದುಕ" ಎಂದರು. "ಬ್ರೆಡ್ಡು ತರ್ತಿದ್ದವ. ಕೋರ್ಟಿಗೆ ಹೋಗಿ, ಹಡಗು ಕಾಯ್ಲಿಕ್ಕೆ ನಾನಿದ್ದೇನೆ, ಆ ಹುಡುಗನನ್ನು ಬಿಡಿ ಅಂತ ಬರ್ಕೊಟ್ಟ. ಅವನಿಗೆ ನಾನು ಯಾರು? ಒಂದು ಬೆಳಿಗ್ಗೆ ಚೀಲ ಹಿಡ್ಕೊಂಡು ಹಡಗು ಹತ್ತಿ, ವಾಚ್ ನನ್ನದು, ಇಳಿ ಅಂದ." ಆಮೇಲೆ ಬಲಗೈ ಚಾಚಿ, "ಐಸ್ ಕೊಡಿ ಏಜೆಂಟ್ರೇ" ಎಂದರು.

ವಸಂತ ಅಲ್ಲಿಗೆ ಬಂದಿತ್ತು, ಇಲ್ಲಿಗೆ ಯಾವ ಋತುವೂ ಬರುವುದಿಲ್ಲ. ಒಂದು ದಿನ ಎಡಗೈ ಮುಟ್ಟಿದರೆ ಸದ್ದಿರಲಿಲ್ಲ. ಕೈ ಬಿಸಿಯಾಗಿ ಕೆಂಪಾಗಿತ್ತು. ಯಿಶುನ್ ಆಸ್ಪತ್ರೆಗೆ ಸೇರಿಸಿದೆ. ಸೋಂಕು ರಕ್ತಕ್ಕೆ ಇಳಿದಿದೆ ಎಂದರು. ನಾಲ್ಕನೆಯ ದಿನ ಮಧ್ಯಾಹ್ನ, ಊಟದ ಗಾಡಿ ವಾರ್ಡಿನಲ್ಲಿ ಗಡಗಡ ಎಂದು ಹೋಗುತ್ತಿರುವಾಗ ಅವರು ಹೊರಟುಹೋದರು. ಅವರ ಕೈ ನನ್ನ ಕೈಯಲ್ಲಿತ್ತು. ನನ್ನ ಫೋನ್ ಆಫ್ ಆಗಿ ಜೇಬಿನಲ್ಲಿತ್ತು.

ಅದನ್ನು ಆನ್ ಮಾಡಿ ಮಗಳಿಗೆ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ, ಕ್ಲಾಸಿಗೆ ಹೊರಟಿದ್ದಳು. ಹೇಳಿದೆ. ಟ್ರ್ಯಾಮಿನ ಗಂಟೆ ಮಾತ್ರ ಕೇಳಿಸುತ್ತಿತ್ತು. ಬರುತ್ತೇನೆ ಎನ್ನುತ್ತಾಳೆ ಎಂದುಕೊಂಡೆ. ಬಂದರೆ ಆ ಓದು ಅಲ್ಲಿಗೇ ನಿಲ್ಲುತ್ತದೆ. ಬೇಡವೆನ್ನಲು ಯಾವ ಮಾತು, ಯಾವ ವಾದ ಹೂಡಲಿ ಎಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ.

"ಅಪ್ಪಾ" ಎಂದಳು. "ವಾಚ್ ಯಾರದಿತ್ತು?"

"ನಂದೇ."

"ಕೊನೆ ತನಕ?"

"ಕೊನೆ ತನಕ."

"ಹಾಗಾದ್ರೆ ನಾನು ಕ್ಲಾಸಿಗೆ ಹೋಗ್ತೀನಿ" ಎಂದು ಅಳುತ್ತಲೇ ಫೋನ್ ಇಟ್ಟಳು.