ಗೋದಲಿಯಲ್ಲಿ ಕೂತ ಕೋಳಿ

ಯಗಟಿಯಲ್ಲಿ ನಮ್ಮ ದೊಡ್ಡಮ್ಮ ಗುರುಶಾಂತಮ್ಮನ ಬಾಯಿಗೆ ಹೆದರದವರೇ ಇರಲಿಲ್ಲ. ಅದರಲ್ಲೂ ಕೋಳಿ ಎಂದರೆ ಆಕೆಗೆ ಮೈಯೆಲ್ಲ ಉರಿ. ಲಿಂಗಪೂಜೆಯ ಮನೆ, ಮೊಟ್ಟೆಯ ಮಾತೂ ಹೊಸ್ತಿಲು ದಾಟಬಾರದು. ಎಪ್ಪತ್ತೆಂಟರ ಬೇಸಿಗೆಯಲ್ಲಿ ಎದುರುಮನೆ ತಿಮ್ಮಕ್ಕನ ಕೆಂಪು ಕೋಳಿ, ಊರಲ್ಲಿ ಬೇರೆ ಜಾಗವೇ ಇಲ್ಲವೆಂಬಂತೆ, ಇಂಥ ದೊಡ್ಡಮ್ಮನ ಹಸು ಮೇವು ತಿನ್ನುವ ಗೋದಲಿಯಲ್ಲೇ ಮೊಟ್ಟೆಯಿಟ್ಟು ಕಾವಿಗೆ ಕೂತಿತು.

ಸೋಮವಾರ ಮಠದ ಅಯ್ಯನವರು ಪಾದಪೂಜೆಗೆ ಬರುವವರಿದ್ದರು. ನಮ್ಮ ಕಡೆಯ ಮನೆಗಳಲ್ಲಿ ತಲೆಬಾಗಿಲು ದಾಟಿದರೆ ಮೊದಲು ಸಿಗುವುದೇ ಕೊಟ್ಟಿಗೆ. ಕೋಳಿ ಕಂಡು ಅಯ್ಯನವರು ಬಾಗಿಲಿಂದಲೇ ಹಿಂದಿರುಗಿದರೆ ದೊಡ್ಡಮ್ಮ ಊರಲ್ಲಿ ತಲೆಯೆತ್ತಿ ತಿರುಗುವಂತಿರಲಿಲ್ಲ. ಆಕೆ ಅದನ್ನು ಮುಟ್ಟುವಂತೆಯೂ ಇಲ್ಲ, ಬಿಡುವಂತೆಯೂ ಇಲ್ಲ. ಕೋಲಿನಿಂದ ತಿವಿದರೆ ಕೋಳಿ ಮೈಯುಬ್ಬಿಸಿ ಕೋಲನ್ನೇ ಕುಕ್ಕಿತು.

“ಲೇ ತಿಮ್ಮೀ, ನಿನ್ ಮಾರಾಣಿನ ಎತ್ಕೊಂಡೋಗೇ!”

ತಿಮ್ಮಕ್ಕ ಮೊಟ್ಟೆ ಸಮೇತ ಎತ್ತಿಕೊಂಡು ಹೋಗಿ ತನ್ನ ಮನೆಯಲ್ಲಿ ಮಂಕರಿ ಕವುಚಿದಳು. ಮೇವಿಗೆಂದು ಮಂಕರಿ ಎತ್ತಿದ್ದೇ ತಡ, ಕೋಳಿ ಓಡಿಬಂದು ಮೊಟ್ಟೆಯಿಲ್ಲದ ಬರೀ ಗೋದಲಿಯಲ್ಲೇ ಕೂತಿತು. ಭಾನುವಾರದ ಹೊತ್ತಿಗೆ ತಿಮ್ಮಕ್ಕನಿಗೂ ರೇಗಿತು. ಕಾವು ಬಿಡಿಸಲು ಅವರದೊಂದು ಪದ್ಧತಿ: ಕೋಳಿಯನ್ನು ನೀರಿಗೆ ಅದ್ದಿ, ಅದರದೇ ಪುಕ್ಕವೊಂದನ್ನು ಮೂಗಿನ ತೂತಿಗೆ ತೂರಿಸಿಬಿಡುವುದು. ಅದ್ದುವುದನ್ನು ದೊಡ್ಡಮ್ಮ ದೂರ ನಿಂತು ನೋಡಿದಳು. ಪುಕ್ಕ ತೂರಿಸಹೊರಟಾಗ ಕೋಳಿ ಕಿರುಚಿತು ನೋಡಿ, ಆಕೆಗೆ ತಡೆಯಲಾಗಲಿಲ್ಲ.

“ಬಿಡೇ, ಬಿಡೇ! ನಿಂಗೆ ಕರುಳಿಲ್ವೇನೇ? ಮೊಟ್ಟೆ ತಂದು ಅಲ್ಲೇ ಮಡಗು.”

“ನಾಳೆ ಅಯ್ಯನೋರು ಬತ್ತಾರಲ್ಲಮ್ಮಾ?”

“ಬರ್ಲಿ. ನಾನ್ ನೋಡ್ಕತೀನಿ.”

ಹಸುವನ್ನು ಹಿತ್ತಲಿಗೆ ಕಟ್ಟಿ, ಗೋದಲಿಯ ಮುಂದೆ ಗೋಣಿತಾಟು ಇಳಿಬಿಟ್ಟಳು. ಬಾಯಲ್ಲಿ ಧೈರ್ಯವಿತ್ತೇ ಹೊರತು ಮರುದಿನ ಬೆಳಿಗ್ಗೆ ಆಕೆ ಯಾರನ್ನೂ ಬೈಯಲಿಲ್ಲ, ಅದರಿಂದಲೇ ಆಕೆಯ ಒಳಗಿನ ದಿಗಿಲು ನಮಗೆ ಗೊತ್ತಾಯಿತು.

ಅಯ್ಯನವರು ಜಾಗಟೆಯವರೊಂದಿಗೆ ಬಂದರು. ದೊಡ್ಡಮ್ಮ ಬಗ್ಗಿ ಕಾಲಿಗೆ ನೀರು ಹಾಕುತ್ತಿರುವಾಗಲೇ ತಾಟಿನ ಹಿಂದಿನಿಂದ ‘ಕ್ಲೊಕ್’ ಎಂದಿತು. ಚೊಂಬಿನ ನೀರು ಪಾದ ತಪ್ಪಿ ನೆಲಕ್ಕೆ ಬಿತ್ತು. ನನಗೆ ನಗು ಬಂದರೂ ಪಾಪ ಎನಿಸಿತು.

“ಅದೇನು ತಾಯೀ ಸದ್ದು?”

ಎದುರುಮನೆಯವರ ಕೋಳಿ, ಹೇಳದೆ ಕೇಳದೆ ನುಗ್ಗಿದೆ ಎಂದಿದ್ದರೆ ಸಾಕಿತ್ತು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು.

“ನಮ್ಮನೇಗೆ ಬಾಣಂತನಕ್ಕೆ ಬಂದೈತೆ, ಬುದ್ಧೀ. ಕಳಿಸಕ್ಕೆ ಮನಸ್ಸು ಬರ್ಲಿಲ್ಲ.”

ಅಯ್ಯನವರು ತಾಟು ಸರಿಸಿ ಇಣುಕಿದರು. ಕೋಳಿ ಅವರಿಗೂ ಮೈಯುಬ್ಬಿಸಿ ತೋರಿಸಿತು.

“ಹಂಗಾದ್ರೆ ಜಾಗಟೆ ಮೆಲ್ಲಗೆ ಬಾರಿಸ್ರಪ್ಪಾ,” ಎಂದು ಅವರು ಪೂಜೆಗೆ ಒಳಗೆ ನಡೆದರು.