ಹುಳುಮನೆಯ ಪಕ್ಕದ ಕೋಣೆ

ಸೇವೆಗೆ ಹೋಗುವವರೆಲ್ಲ ಧೈರ್ಯವಂತರು ಎಂದು ನಮ್ಮ ಚರ್ಚಿನವರು ಯಾಕೆ ಅಂದುಕೊಳ್ಳುತ್ತಾರೋ ನನಗೆ ಗೊತ್ತಿಲ್ಲ. ನಾನು ನಾಯಿಗೆ ಹೆದರುತ್ತೇನೆ. ಒಬ್ಬಳೇ ಬಸ್ಸು ಹತ್ತಲು ಹೆದರುತ್ತೇನೆ. ಗುರುತಿಲ್ಲದವರು ಹೆಸರು ಕೇಳಿದರೆ ಹೆದರುತ್ತೇನೆ. ಇಪ್ಪತ್ಮೂರನೇ ವಯಸ್ಸಿನಲ್ಲಿ ಬೈಬಲ್ ತರಬೇತಿ ಮುಗಿಸಿ, ಒಂದು ವರ್ಷದ ಸೇವೆಗೆಂದು ಕರಾವಳಿಯಿಂದ ಕೋಲಾರ ಜಿಲ್ಲೆಯ ರಾಯಲ್ಪಾಡಿನ ಕಡೆಯ ಹಳ್ಳಿಯೊಂದಕ್ಕೆ ಬಂದಾಗ ಈ ಹೆದರಿಕೆಗಳೆಲ್ಲ ನನ್ನ ಜೊತೆಗೇ ಬಸ್ಸಿಳಿದವು.

ನನ್ನ ಕೆಲಸ ಹೇಳಿಕೊಳ್ಳುವಂಥದ್ದೇನಲ್ಲ. ಸಂಜೆ ಶಾಲೆಯ ಜಗಲಿಯಲ್ಲಿ ಮಕ್ಕಳಿಗೆ ಲೆಕ್ಕ, ಇಂಗ್ಲಿಷು ಹೇಳಿಕೊಡುವುದು, ವಯಸ್ಸಾದವರನ್ನು ಶ್ರೀನಿವಾಸಪುರದ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಭಾನುವಾರ ಪಕ್ಕದ ಊರಿನಲ್ಲಿ ನಾಲ್ಕು ಮನೆಯವರು ಸೇರುವ ಪ್ರಾರ್ಥನೆಯಲ್ಲಿ ವಾಕ್ಯ ಓದಿ ಎರಡು ಮಾತು ಆಡುವುದು. ಸೇವೆಗೆ ಬಂದ ನಮ್ಮಂಥವರನ್ನು ನೋಡಿಕೊಳ್ಳುತ್ತಿದ್ದ ಪಾಸ್ಟರು ಕೋಲಾರದಲ್ಲಿದ್ದರು. ಬಂದ ದಿನವೇ ಕೂರಿಸಿಕೊಂಡು ಹೇಳಿದ್ದರು: ಕೇಳದೆ ಯಾರ ಮನೆಯಲ್ಲೂ ಪ್ರಾರ್ಥನೆ ಮಾಡಬೇಡ, ಮಕ್ಕಳಿಗೆ ಒಂದು ಚಾಕೊಲೇಟು ಕೂಡ ಕೊಡಬೇಡ, ಏನೇ ಮಾತು ಬೆಳೆದರೂ ಮೊದಲು ನನಗೆ ಫೋನ್ ಮಾಡು. ಕಾಲ ಸರಿಯಿಲ್ಲ ಎಂದು ಅವರು ಕಾಳಜಿಯಿಂದಲೇ ಹೇಳಿದ್ದು. ನನ್ನೊಳಗೆ ಇಳಿದದ್ದು ಮಾತ್ರ ಭಯ.

ನಾನಿದ್ದದ್ದು ಒಂದು ರೈತರ ಮನೆಯ ಕೊನೆಯ ಕೋಣೆಯಲ್ಲಿ. ಮನೆಯೊಡತಿಯನ್ನು ಅಕ್ಕ ಎಂದು ಕರೆಯುತ್ತಿದ್ದೆ. ನಲವತ್ತು ದಾಟಿದ ಗಟ್ಟಿ ಹೆಂಗಸು. ಗಂಡ ಮಾತು ಕಮ್ಮಿ, ಕೋಪ ಜಾಸ್ತಿ. ಅತ್ತೆಗೆ ಕಣ್ಣು ಮಂದ, ನಾಲಿಗೆ ಮಾತ್ರ ಬಹಳ ಚುರುಕು; ಆಕೆಯನ್ನು ನಾನು ಅಜ್ಜಿ ಎನ್ನುತ್ತಿದ್ದೆ. ಮನೆಯೊಳಗೆ ತೆಲುಗು, ನನ್ನ ಜೊತೆ ಕನ್ನಡ. ನಾನು ಮೊದಲ ದಿನ ರಾಗಿಮುದ್ದೆಯನ್ನು ಅಗಿದು ಅಗಿದು ಕಣ್ಣಲ್ಲಿ ನೀರು ತುಂಬಿಕೊಂಡಾಗ ಅಜ್ಜಿ ನಕ್ಕಿತು.

"ಅಗೀಬಾರ್ದು ಕಣೇ, ನುಂಗ್ಬೇಕು. ಮುಳ್ಳಿರೋ ಮೀನು ತಿಂತೀಯ, ಮುಳ್ಳಿಲ್ದೇ ಇರೋ ಮುದ್ದೆಗೆ ಹೆದರ್ತೀಯಲ್ಲ."

ನನ್ನ ಕೋಣೆಯ ಗೋಡೆಗೆ ಅಂಟಿಕೊಂಡೇ ಅಕ್ಕನ ಹುಳುಮನೆ ಇತ್ತು. ರೇಷ್ಮೆಹುಳು ಸಾಕುವ ಉದ್ದನೆಯ ಶೆಡ್ಡು. ಹಿತ್ತಲಾಚೆ ಹಿಪ್ಪುನೇರಳೆ ತೋಟ. ಅದನ್ನು ನೆಟ್ಟವಳು ಅಕ್ಕ, ಸೊಪ್ಪು ಕೊಯ್ಯುವವಳು ಅಕ್ಕ, ಹುಳು ಮೇಯಿಸುವವಳು ಅಕ್ಕ. ಬೆಳಿಗ್ಗೆ ಸೊಪ್ಪು ಹಾಕಿದ ಮೇಲೆ ಗೋಡೆಗೆ ಕಿವಿಯಿಟ್ಟರೆ ಸಾವಿರಾರು ಹುಳು ಮೇಯುವ ಸದ್ದು ಕೇಳುತ್ತಿತ್ತು. ನನಗೆ ನಮ್ಮೂರ ಜಡಿಮಳೆ ನೆನಪಾಗಿ ಅಳು ಬರುತ್ತಿತ್ತು.

ಮೊದಲ ದಿನವೇ ಅಕ್ಕ ಹುಳುಮನೆಯ ಹೊಸ್ತಿಲಲ್ಲಿ ನನ್ನನ್ನು ತಡೆದಿದ್ದಳು. "ಹೊಸಬ್ರು ಒಳಕ್ಕೆ ಬರಂಗಿಲ್ಲ ಟೀಚರಮ್ಮ. ಬೇಜಾರು ಮಾಡ್ಕೋಬೇಡ." ಒಳಗೆ ಹೋಗುವವರು ಕಾಲು ತೊಳೆದು, ಹೊಸ್ತಿಲ ಬಳಿಯ ಸುಣ್ಣದ ಪುಡಿ ತುಳಿದೇ ಹೋಗಬೇಕು. ಊದುಬತ್ತಿ ಆಗದು, ಪೌಡರು ಆಗದು, ಮಲ್ಲಿಗೆ ಮುಡಿದು ಹೋಗುವಂತಿಲ್ಲ. ತಿಂಗಳಾದ ಮೇಲೆ ಬಾಗಿಲಲ್ಲಿ ನಿಂತು ನೋಡಲು ಬಿಟ್ಟಳು. ತಟ್ಟೆಗಳ ತುಂಬ ಬೆಳ್ಳನೆಯ ಹುಳು. "ಎಷ್ಟು ಚೆನ್ನಾಗಿವೆ" ಎಂದುಬಿಟ್ಟೆ. ಹಿಂದಿನಿಂದ ಅಜ್ಜಿ ಥೂ ಥೂ ಎಂದು ಉಗಿದು, "ಹಂಗನ್ನಬಾರ್ದು. ಏನೋ ಇದಾವೆ ಅನ್ನು" ಎಂದಿತು. ನಾನು ಹೆದರಿ ನಾಲ್ಕು ಸಲ "ಏನೋ ಇದಾವೆ" ಎಂದೆ. ಅತ್ತೆ ಸೊಸೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅದಕ್ಕೂ ಮುಂಚೆ ಅಕ್ಕನ ಎರಡು ಹುಳುಬೆಳೆ ರೋಗ ತಗುಲಿ ಹೋಗಿದ್ದವು. ಈ ಬೆಳೆಯೂ ಕೈಕೊಟ್ಟರೆ ಹಿಪ್ಪುನೇರಳೆ ಕಿತ್ತು ಟೊಮೇಟೊ ಹಾಕುತ್ತೇನೆ ಎಂದು ಗಂಡ ಹೇಳಿದ್ದ. ಆತ ಹೇಳಿದ್ದನ್ನು ಮಾಡುವ ಮನುಷ್ಯ. ಅಕ್ಕ ಅವತ್ತಿನಿಂದ ಸೊಪ್ಪು ಕೊಯ್ಯಲು ಇನ್ನೂ ಬೇಗ ಏಳತೊಡಗಿದಳು.

ಮಳೆಗಾಲ ಶುರುವಾಗಿ ಸೊಳ್ಳೆ ವಿಪರೀತವಾಯಿತು. ಅಕ್ಕ ನನಗೊಂದು ಸೊಳ್ಳೆಪರದೆ ಕೊಟ್ಟಿದ್ದಳು. ಅದರೊಳಗೆ ಮಲಗಿದರೆ ಉಸಿರು ಕಟ್ಟಿದಂತಾಗುತ್ತಿತ್ತು. ಊರಿನಲ್ಲಿ ಚಿಕ್ಕಮ್ಮನ ಮಗಳಿಗೆ ಡೆಂಗಿ ಬಂದು ಆಸ್ಪತ್ರೆ ಸೇರಿದ್ದಾಳೆ ಎಂದು ಅಮ್ಮ ಫೋನಿನಲ್ಲಿ ಹೇಳಿದ್ದೇ ಸಾಕು, ಮರುದಿನ ಶ್ರೀನಿವಾಸಪುರದ ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ಸೊಳ್ಳೆ ಓಡಿಸುವ ಮಿಷನ್ನು ತಂದೆ. ಔಷಧಿಯ ಪುಟ್ಟ ಸೀಸೆ, ಪ್ಲಗ್ಗಿಗೆ ಹಾಕಿದರೆ ಕೆಂಪು ದೀಪ, ತಿಳಿಯಾದ ಹೂವಿನ ವಾಸನೆ. ಪರದೆ ಮಡಚಿಟ್ಟು ಮೂರು ದಿನ ಸುಖವಾಗಿ ಮಲಗಿದೆ. ಹುಳುಮನೆಯ ಕಡೆಯ ಗೋಡೆ ತಗಡಿನ ಚಾವಣಿಯವರೆಗೆ ಮುಟ್ಟಿಲ್ಲ, ಮೇಲೆ ಒಂದು ಮೊಳ ಸಂದಿಯಿದೆ ಎನ್ನುವುದನ್ನು ನಾನು ನೋಡಿದ್ದೆ. ನೋಡಿಯೂ ಏನೂ ಯೋಚಿಸಲಿಲ್ಲ.

ಹುಳು ಪೊರೆ ಬಿಡುವಾಗ ಮೇಯುವುದು ನಿಲ್ಲಿಸಿ ತಲೆಯೆತ್ತಿ ಕೂರುತ್ತವೆ. ಅದನ್ನು ಅವರು ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಮುಗಿಸಿ ಎದ್ದರೆ ಅರ್ಧ ಗೆದ್ದಂತೆ. ಆಮೇಲೆ ಒಂದು ವಾರ ಮೇಯಿಸಿದರೆ ಗೂಡು ಕಟ್ಟುತ್ತವೆ. ನಾಲ್ಕನೇ ಜ್ವರ ಎದ್ದು ಎರಡು ದಿನವಾಗಿತ್ತು. ಮಂಗಳವಾರ ಬೆಳಿಗ್ಗೆ ಗೋಡೆಯಾಚೆ ಮೇಯುವ ಸದ್ದಿರಲಿಲ್ಲ. ಅಕ್ಕ ಅತ್ತೆಯನ್ನು ಕೂಗುವುದು ಕೇಳಿಸಿತು.

ಬಾಗಿಲಲ್ಲಿ ನಿಂತು ನೋಡಿದೆ. ಹುಳುಗಳು ತಲೆ ಅತ್ತಿತ್ತ ಆಡಿಸುತ್ತ, ಹಸಿರು ನೀರು ಕಕ್ಕುತ್ತ, ಮೈ ಕುಗ್ಗಿಸಿಕೊಂಡು ಸಾಯುತ್ತಿದ್ದವು. ಅಕ್ಕ ಒಂದೊಂದನ್ನೇ ಎತ್ತಿ ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದಳು.

ಮರಿಹುಳು ಕೊಟ್ಟಿದ್ದ ಚಾಕಿ ಕೇಂದ್ರದವನು ಮಧ್ಯಾಹ್ನ ಬಂದು ನೋಡಿದ. "ಇದು ರೋಗ ಅಲ್ಲಮ್ಮ, ವಿಷ. ಪಕ್ಕದಲ್ಲಿ ಯಾರಾದ್ರೂ ಔಷಧಿ ಹೊಡೆದ್ರಾ? ಮನೇಲಿ ಸೊಳ್ಳೆಬತ್ತಿ, ಮಿಷನ್ನು ಏನಾದ್ರೂ ಹಚ್ಚಿದ್ರಾ?"

"ನಾನು ಸೊಸೆಯಾಗಿ ಬಂದಾಗಿಂದ ಈ ಮನೇಲಿ ಒಂದು ಬತ್ತಿ ಹಚ್ಚಿಲ್ಲ" ಎಂದಳು ಅಕ್ಕ. "ಎಲ್ರೂ ಪರದೆಯೊಳಗೇ ಮಲಗೋದು."

ನಾನು ಅವಳ ಬೆನ್ನ ಹಿಂದೆಯೇ ನಿಂತಿದ್ದೆ. ಕೋಣೆಗೆ ಹೋಗಿ ಮಿಷನ್ನು ಕಿತ್ತು, ದುಪಟ್ಟಾದಲ್ಲಿ ಸುತ್ತಿ, ಸೂಟ್‌ಕೇಸಿನಲ್ಲಿ ಬೈಬಲ್ಲಿನ ಕೆಳಗಿಟ್ಟೆ. ಅದನ್ನು ಯಾರೂ ಮುಟ್ಟುವುದಿಲ್ಲ ಎಂಬ ಉಪಾಯ. ಈಗ ನೆನೆದರೂ ನಾಚಿಕೆಯಾಗುತ್ತದೆ.

ಅಕ್ಕನ ಮೈದುನ ಪಕ್ಕದ ಮನೆಯಲ್ಲೇ ಇದ್ದ. ಅವನ ಟೊಮೇಟೊ ಹೊಲ ಹಿಪ್ಪುನೇರಳೆಗೆ ತಾಗಿಕೊಂಡಿತ್ತು. ಹಿಂದಿನ ದಿನವಷ್ಟೇ ಆತ ಔಷಧಿ ಹೊಡೆದಿದ್ದ. ಇನ್ನೇನು ಬೇಕು. ಅಕ್ಕನ ಗಂಡ ಅವನ ಅಂಗಳಕ್ಕೆ ನುಗ್ಗಿ, "ನೀ ಮಂದೇ ಮಾ ಪುರುಗುಲ್ನಿ ಸಂಪಿಂದಿ" ಎಂದು ಕೂಗಿದ. ನಿನ್ನ ಔಷಧಿಯೇ ನಮ್ಮ ಹುಳ ಕೊಂದಿದ್ದು ಅಂತ.

"ಗಾಳಿ ಆ ಕಡೇಕಿತ್ತು ಕಣಣ್ಣ. ನೋಡ್ಕೊಂಡೇ ಹೊಡ್ದಿದೀನಿ" ಎಂದ ತಮ್ಮ. ಅಣ್ಣ ಕೇಳಿಸಿಕೊಳ್ಳಲಿಲ್ಲ. ಇಬ್ಬರಿಗೂ ಒಂದೇ ಕೊಳವೆಬಾವಿ. ಅವತ್ತೇ ತಮ್ಮನ ಹೊಲದ ವಾಲ್ವು ತಿರುಗಿಸಿ ಬೀಗ ಹಾಕಿದ. ಮಳೆ ಬಿಡುವು ಕೊಟ್ಟು ಬಿಸಿಲು ಸುಡುತ್ತಿತ್ತು. ಟೊಮೇಟೊ ಕೊಯ್ಲಿಗೆ ಬಂದಿತ್ತು. ನಾಲ್ಕೈದು ದಿನ ನೀರಿಲ್ಲದಿದ್ದರೆ ಕೋಲಾರದ ಮಂಡಿಗೆ ಹೋಗುವಂಥದ್ದು ಏನೂ ಉಳಿಯುತ್ತಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಅರಳಿಕಟ್ಟೆಯಲ್ಲಿ ಹಿರಿಯರು ಕೂರುವುದು, ಇನ್ನು ಎಲ್ಲ ಪಾಲಾಗಿಬಿಡಲಿ ಎಂದು ಮಾತಾಯಿತು.

ನಾನು ಬಾಯಿ ಬಿಟ್ಟಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಬಿಡಲಿಲ್ಲ. ತಲೆಯೊಳಗೆ ಊರವರ ಮಾತನ್ನೆಲ್ಲ ನಾನೇ ಆಡಿಕೊಂಡೆ. ಆ ಧರ್ಮದವಳು ಬೇಕಂತಲೇ ಮಾಡಿದ್ದಾಳೆ, ಇವಳನ್ನು ಕಳಿಸಿದವರು ಯಾರು, ಮಕ್ಕಳನ್ನು ಸೇರಿಸಿಕೊಂಡು ಏನು ಮಾಡುತ್ತಾಳೆ. ಇಂಥದ್ದನ್ನು ಆ ಊರಿನಲ್ಲಿ ಯಾರೂ ನನಗೆ ಅಂದಿರಲಿಲ್ಲ. ಆದರೂ ಹೊರಗೆ ಬೈಕು ನಿಂತರೆ ಕೋಣೆಯ ಚಿಲಕ ಹಾಕಿಕೊಳ್ಳುತ್ತಿದ್ದೆ. ಮಾಲೂರಿನಲ್ಲಿ ಸೇವೆಗಿದ್ದ ಗೆಳತಿ ಫೋನ್ ಮಾಡಿದರೆ ಎತ್ತಲಿಲ್ಲ.

ಬುಧವಾರ ಸಂಜೆ ಪಾಸ್ಟರಿಗೆ ಫೋನ್ ಮಾಡಿದೆ. ಅವರು ಅವತ್ತು ಕೆಲಸದ ಮೇಲೆ ಮುಳಬಾಗಿಲಿಗೆ ಹೋಗಿದ್ದರು. ಎಲ್ಲ ಕೇಳಿ, "ಈಗ ಏನೂ ಹೇಳಬೇಡ. ನಾಳೆ ಬೆಳಿಗ್ಗೆ ಬಸ್ಸಿಗೆ ಕೋಲಾರಕ್ಕೆ ಬಾ. ಆಮೇಲೆ ನೋಡೋಣ" ಎಂದರು. ಅವರ ದನಿಯಲ್ಲೂ ನಡುಕವಿತ್ತು. ಅವರೂ ನನ್ನಂಥವರೇ ಎಂದು ತಿಳಿದು ಸಮಾಧಾನವಾಗಲಿಲ್ಲ, ಇನ್ನಷ್ಟು ಹೆದರಿದೆ.

ಗುರುವಾರ ಸೂಟ್‌ಕೇಸು ಹಿಡಿದು ಬಸ್‌ಸ್ಟಾಪಿನಲ್ಲಿ ನಿಂತಿದ್ದೆ. ಅಕ್ಕನಿಗೆ ಹೇಳಿರಲಿಲ್ಲ. ಎದುರಿನ ರಸ್ತೆಯಲ್ಲಿ ಮೈದುನನ ಹೆಂಡತಿ ಎರಡು ಕೊಡ ನೀರು ಹೊತ್ತು ಬರುತ್ತಿದ್ದಳು. ಊರ ನಲ್ಲಿಯಿಂದ ಹಿಡಿದು ಟೊಮೇಟೊ ಬುಡಕ್ಕೆ ಹುಯ್ಯಲು ಹೊರಟಿದ್ದಳು. ಅಷ್ಟು ಹೊಲಕ್ಕೆ ಕೊಡದ ನೀರು. ನನ್ನನ್ನು ನೋಡಿ ನಿಂತಳು.

"ಊರಿಗಾ ಟೀಚರಮ್ಮ? ಬೇಗ ಬಂದ್ಬಿಡು. ಅಕ್ಕ ಮೊನ್ನೆಯಿಂದ ಅನ್ನ ಮುಟ್ಟಿಲ್ಲ ಅಂತೆ. ನಾವು ಹೋಗಿ ಹೇಳಂಗಿಲ್ಲ. ನೀನಾದ್ರೆ ಹೇಳ್ಬೋದು."

ಬಸ್ಸು ಬಂತು. ಕಂಡಕ್ಟರು "ಹತ್ತಮ್ಮ, ಹತ್ತು" ಎಂದ. ನನಗೆ ಧೈರ್ಯ ಬಂತು ಎಂದು ಬರೆದರೆ ಅದು ಸುಳ್ಳು. ಆ ಹೆಂಗಸಿನ ತಲೆಯ ಮೇಲಿನ ಕೊಡವನ್ನು ಜೀವಮಾನವಿಡೀ ನೆನೆದುಕೊಂಡು ಬದುಕಬೇಕಲ್ಲ ಎನ್ನುವ ಹೆದರಿಕೆ, ಊರವರ ಹೆದರಿಕೆಗಿಂತ ಒಂದು ತೂಕ ಹೆಚ್ಚಾಯಿತು. ಬಸ್ಸು ಹೋಯಿತು. ನಾನು ವಾಪಸು ನಡೆದೆ.

ಅಕ್ಕ ತೋಟದ ಅಂಚಿನಲ್ಲಿ ಗುಂಡಿ ತೋಡಿ ಸತ್ತ ಹುಳುಗಳನ್ನು ಸುರಿಯುತ್ತಿದ್ದಳು. ಪಕ್ಕದಲ್ಲಿ ಸುಣ್ಣದ ಚೀಲ. ನಾನು ಸೂಟ್‌ಕೇಸು ಬಿಚ್ಚಿ ಮಿಷನ್ನನ್ನು ಅವಳ ಕೈಗೆ ಕೊಟ್ಟೆ. "ನಾನು ಹಚ್ಚಿದ್ದೆ ಅಕ್ಕ. ನಿಮ್ಮ ಮೈದುನಂದು ತಪ್ಪಿಲ್ಲ."

ಅವಳು ಅದನ್ನು ಮೂಸಿ ನೋಡಿದಳು. "ಯಾವತ್ತಿಂದ?"

"ಮೂರು ದಿನ ಹಚ್ಚಿದ್ದೆ."

"ಪರದೆ ಕೊಟ್ಟಿದ್ನಲ್ಲೇ" ಎಂದಳು. ಮತ್ತೆ ಅದನ್ನೇ ಅಂದಳು, "ಪರದೆ ಕೊಟ್ಟಿದ್ನಲ್ಲೇ." ನನ್ನ ಭುಜ ಹಿಡಿದು ಒಂದು ಸಲ ಜೋರಾಗಿ ಅಲುಗಾಡಿಸಿ, ಬಿಟ್ಟು, ಮಣ್ಣಿನ ಮೇಲೆ ಕೂತು ಅತ್ತಳು. ಹೊಡೆದಿದ್ದರೆ ವಾಸಿಯಿತ್ತು.

ಅತ್ತು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಮಿಷನ್ನನ್ನು ಗುಂಡಿಗೆ ಎಸೆದಳು. ಮೇಲೆ ಸುಣ್ಣ ಸುರಿದು ಮಣ್ಣು ಎಳೆದಳು. "ಊರಲ್ಲಿ ಇನ್ಯಾರಿಗೂ ಹೇಳಿಲ್ಲ ತಾನೆ? ಹೇಳ್ಬೇಡ."

"ನಾಳೆ ಕಟ್ಟೆಯಲ್ಲಿ ಹೇಳ್ತೀನಿ ಅಕ್ಕ."

"ನೀನು ಹೇಳಿದ್ರೆ ಅವ್ರು ಹುಳದ ಮಾತು ಬಿಟ್ಟು ನಿನ್ನ ಮಾತು ಆಡ್ತಾರೆ. ಸುಮ್ನಿರು. ನಾನು ನೋಡ್ಕೊಂತೀನಿ." ಎದ್ದು ಗುದ್ದಲಿ ಕೈಗೆ ತೆಗೆದುಕೊಂಡು ಮತ್ತೆ ಹೇಳಿದಳು, "ನನ್ನ ಬೈದ್ರೆ ಮನೆಯೋರನ್ನ ಬೈದಂಗೆ. ಸಂಜೆಗೆ ಮುಗೀತದೆ. ನಿನ್ನ ಬೈದ್ರೆ ಮುಗಿಯಲ್ಲ."

ನನ್ನ ತಲೆಯೊಳಗಿದ್ದ ಭಯ ಅವಳಿಗೂ ಗೊತ್ತಿತ್ತು. ಅದನ್ನು ನನಗೆ ಕಾಣಿಸದ ಹಾಗೆ ಇಷ್ಟು ದಿನ ಇಟ್ಟುಕೊಂಡಿದ್ದಳು.

ಶುಕ್ರವಾರ ಹಿರಿಯರು ಕೂತರು. ನಾನು ಕಟ್ಟೆಯ ಎದುರಿನ ಶಾಲೆಯ ಜಗಲಿಯ ಕಂಬಕ್ಕೆ ಆತುಕೊಂಡು ನಿಂತಿದ್ದೆ. ಯಾರೂ ಕೇಳುವ ಮೊದಲೇ ಅಕ್ಕ ಎದ್ದು, "ಮೈದುನನ್ನ ಬಿಡ್ರಿ. ಅತ್ತೆಗೆ ಸೊಳ್ಳೆ ಕಡೀತದೆ ಅಂತ ನಾನೇ ಬತ್ತಿ ಹಚ್ಚಿದ್ದೆ. ಅವತ್ತು ಹೇಳಕ್ಕೆ ಭಯ ಆಯ್ತು" ಎಂದಳು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ನಕ್ಕರು. ಗಂಡ ಎಲ್ಲರೆದುರು, "ಇಷ್ಟು ವರ್ಷ ಹುಳ ಸಾಕಿದೋಳಿಗೆ ಇಷ್ಟೂ ಗೊತ್ತಾಗ್ಲಿಲ್ವೇನೇ" ಎಂದ. ಅವಳು ತಲೆ ತಗ್ಗಿಸಿ ನಿಂತಳು. ನಾನು ಬಾಯಿ ತೆರೆಯಬೇಕಿತ್ತು. ಕಂಬ ಹಿಡಿದ ಕೈ ಬಿಡಲಿಲ್ಲ.

ವಾಲ್ವಿನ ಬೀಗ ಅವತ್ತೇ ತೆಗೆದರು. ಟೊಮೇಟೊ ಉಳಿಯಿತು. ಅಣ್ಣತಮ್ಮಂದಿರು ಭಾನುವಾರದ ಹೊತ್ತಿಗೆ ಒಂದೇ ಬೀಡಿ ಹಂಚಿಕೊಂಡು ಸೇದುತ್ತಿದ್ದರು. ಹಿಪ್ಪುನೇರಳೆ ಮಾತ್ರ ಪೂರ್ತಿ ಉಳಿಯಲಿಲ್ಲ. ಮುಂದಿನ ವಾರ ಗಂಡ ಟ್ರ್ಯಾಕ್ಟರು ತಂದು ಅರ್ಧ ತೋಟ ಕಿತ್ತ. ತಿಳುವಳಿಕೆ ಇಲ್ಲದವಳಿಗೆ ಉಳಿದರ್ಧ ಸಾಕು ಎಂದ. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ನನ್ನ ಕಡೆ ತಿರುಗಲಿಲ್ಲ, ಅದೂ ನನ್ನ ಮೇಲಿನ ದಯೆಯೇ.

ಆ ಭಾನುವಾರ ಪ್ರಾರ್ಥನೆಗೆ ಬಂದ ವಾಕ್ಯ, ಒಬ್ಬರ ತಪ್ಪನ್ನು ಇನ್ನೊಬ್ಬರು ಹೊತ್ತದ್ದರ ಬಗ್ಗೆ. ತರಬೇತಿಯಲ್ಲಿ ಅದರ ಮೇಲೆ ಮುಕ್ಕಾಲು ಗಂಟೆ ಮಾತಾಡಿ ಚಪ್ಪಾಳೆ ಗಿಟ್ಟಿಸಿದವಳು ನಾನು. ಅವತ್ತು ಓದಿ ಕೂತುಬಿಟ್ಟೆ. ಮೈ ಸರಿಯಿಲ್ಲವೇನೋ ಎಂದು ಸೇರಿದ್ದವರು ಬಿಸಿನೀರು ಕೊಟ್ಟರು.

ಪಾಸ್ಟರು ಬೇಕಾದರೆ ಬೇರೆ ಊರಿಗೆ ಹಾಕುತ್ತೇನೆ ಎಂದರು. ಬೇಡವೆಂದೆ. ಪರದೆ ಕಟ್ಟಿಕೊಂಡು ವರ್ಷ ಮುಗಿಸಿದೆ. ಮುಂದಿನ ಬೆಳೆಗೆ ಅಕ್ಕ ನನ್ನನ್ನು ಹೊಸ್ತಿಲಿಗೆ ಕರೆದು, "ಸುಣ್ಣ ತುಳ್ಕೊಂಡು ಒಳಕ್ಕೆ ಬಾ. ಒಂದು ಕೈ ಕಮ್ಮಿ ಆಯ್ತದೆ" ಎಂದಳು. ತಟ್ಟೆಗೆ ಸೊಪ್ಪು ಹಾಕುವ ಮೊದಲು ನಾನು ಮೂರು ಸಲ ಕೈ ತೊಳೆದುಕೊಂಡೆ. ಅವಳು ನೋಡಿಯೂ ನೋಡದಂತೆ ಇದ್ದಳು.

ಅಜ್ಜಿಗೆ ಮಾತ್ರ ಆ ಸಂಗತಿ ಹೆಮ್ಮೆಯ ಕತೆಯಾಗಿಬಿಟ್ಟಿತ್ತು. ಮನೆಗೆ ಬಂದವರಿಗೆಲ್ಲ, ಬೇರೆ ಯಾರೂ ಸಿಗದಿದ್ದರೆ ನನಗೇ, ಜಗಲಿಯಲ್ಲಿ ಕೂತು ಹೇಳುತ್ತಿತ್ತು: "ನನ್ನ ಸೊಸೆ ನೋಡೇ. ನನಗೆ ಸೊಳ್ಳೆ ಕಡೀಬಾರ್ದು ಅಂತ ಹುಳಾನೇ ಕಳ್ಕೊಂಡ್ಲು. ಇಂಥಾ ಸೊಸೆ ಯಾರಿಗವಳೆ ಹೇಳು."

"ಯಾರಿಗೂ ಇಲ್ಲ ಅಜ್ಜಿ" ಎನ್ನುತ್ತಿದ್ದೆ. ವರ್ಷ ಮುಗಿದು ಬಸ್ಸು ಹತ್ತುವ ದಿನವೂ ಅಷ್ಟೇ ಅಂದೆ.